ಓದದೆ ಹಾಕಿದ ಸಹಿ

"ನಿಲ್ಲಿ! ಒಳಗೆ ಹೋಗೋ ಹಾಗಿಲ್ಲ."

ಬಾಗಿಲಿಗೆ ಅಡ್ಡವಾಗಿ ಒಂದು ಕೈ ಬಂತು. ಆ ಕೈಯ ಹಿಂದೆ ಒಬ್ಬ ಎತ್ತರದ ಮನುಷ್ಯ. ಅರ್ಧ ಮುಖ ಮಾಸ್ಕಿನೊಳಗೆ, ಉಳಿದರ್ಧದಲ್ಲಿ ಗಂಟಿಕ್ಕಿದ ಹುಬ್ಬು.

ಬೆಳಿಗ್ಗೆ ಆರೂವರೆ. ಸಂಶೋಧನಾ ಕೇಂದ್ರದ ಹಿಂಬದಿಯಲ್ಲಿ, ಪ್ರಯೋಗದ ಪ್ರಾಣಿಗಳನ್ನು ಸಾಕುವ ಅನಿಮಲ್ ಹೌಸಿನ ಬಾಗಿಲು. ಸೂಜಿ, ಟ್ಯೂಬುಗಳ ಟ್ರೇ ಹಿಡಿದು ನಿಂತಿದ್ದ ನಮ್ಮ ಹುಡುಗಿಗೆ ಮೈಯೆಲ್ಲ ಉರಿದುಹೋಯಿತು.

"ಯಾರ್ರೀ ನೀವು? ಒಳಗಿರೋ ಇಪ್ಪತ್ನಾಲ್ಕು ಇಲಿಗಳೂ ನನ್ನವು. ನಿನ್ನೆ ಸಂಜೆಯಿಂದ ಉಪವಾಸ ಇವೆ. ಏಳು ಗಂಟೆಗೆ ರಕ್ತ ತೆಗೀಬೇಕು!"

"ನಾನು ಇವತ್ತಿಂದ ಇಲ್ಲಿನ ಪಶುವೈದ್ಯ. ನೀವು ಸೆಂಟ್ ಹಾಕ್ಕೊಂಡಿದ್ದೀರಿ."

"ಸೆಂಟಲ್ಲ, ಕೈಗೆ ಹಚ್ಚೋ ಕ್ರೀಮು!"

"ಇಲಿಗೆ ಎರಡೂ ಒಂದೇ. ಗೊತ್ತಿಲ್ಲದ ವಾಸನೆ ಬಂದ್ರೆ ಹೆದರ್ತವೆ. ಹೆದರಿದ ಇಲಿಯ ರಕ್ತ ನಿಮಗೆ ನಿಜ ಹೇಳಲ್ಲ." ಅವನು ಅವಳ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದ. "ಪಾಪ, ಅವಕ್ಕೆ ಹೊಟ್ಟೆಗೆ ಹಿಟ್ಟಿಲ್ಲ. ನೀವು ನೋಡಿದ್ರೆ ಜುಟ್ಟಿಗೆ ಮಲ್ಲಿಗೆ ಅಂತಿದ್ದೀರಿ. ಮೊಣಕೈವರೆಗೂ ತೊಳ್ಕೊಂಡು ಬನ್ನಿ. ಎರಡು ಸಲ."

*ಎರಡು ಸಲವಂತೆ! ಎರಡು ಸಲ!*

ಸಿಟ್ಟಿಗೆ ಅವಳು ಮೂರು ಸಲ ತೊಳೆದಳು. ಚರ್ಮ ಕೆಂಪಾಗುವವರೆಗೆ ಉಜ್ಜಿದಳು. ತಿರುಗಿ ಬಂದಾಗ ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಬೆಚ್ಚಗಿನ ನೀರಿನ ಬಟ್ಟಲು ಸಿದ್ಧವಾಗಿತ್ತು. ಬಾಲವನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿದರೆ ರಕ್ತನಾಳ ಅರಳಿ ಸೂಜಿ ಸಲೀಸಾಗಿ ಹೋಗುತ್ತದೆ, ಇಲಿಗೆ ನೋವು ಕಡಿಮೆ. ಇಲ್ಲಿಯವರೆಗೆ ಯಾರೂ ಅವಳಿಗಾಗಿ ಆ ನೀರು ಕಾಯಿಸಿಟ್ಟಿರಲಿಲ್ಲ.

ಅವನು ಇಲಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದ. ಅವಳು ಸೂಜಿ ಚುಚ್ಚಿದಳು. ಇಪ್ಪತ್ನಾಲ್ಕೂ ಮುಗಿಯುವವರೆಗೆ ಹೀಗೇ ಸಾಗಿತು. ಒಂದು ಇಲಿಯೂ ಕಿರುಚಲಿಲ್ಲ.

ಬೈಯಲು ಕಾರಣವೇ ಸಿಗದೆ ಅವಳು ಇನ್ನಷ್ಟು ಸಿಟ್ಟಾಗಿ ಹೊರಟುಹೋದಳು!

ಕೇಂದ್ರದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು 'ಇಲಿಯಮ್ಮ' ಅಂತ. ಪಂಜರದ ಮುಂದೆ ಕೂತು ಇಲಿಗಳ ಜೊತೆ ಮಾತಾಡುತ್ತಿದ್ದಳು, ಅದಕ್ಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗೆಳತಿಯರು ಕಾಡಿದರೆ, "ಹೆಗ್ಗಣ ಅಲ್ಲ, ಬಿಳಿ ಇಲಿ" ಎಂದು ತಿದ್ದುತ್ತಿದ್ದಳು.

ಆದರೆ ಇಲಿಗಳು ಅವಳಿಗೆ ಆಟವಾಗಿರಲಿಲ್ಲ. ಅದರ ಹಿಂದೆ ಅಪ್ಪ ಇದ್ದ.

ಅಪ್ಪ ಮೂವತ್ತು ವರ್ಷ ಬಸ್ಸು ಓಡಿಸಿದವನು. ಮೂರು ವರ್ಷದ ಹಿಂದೆ ಸ್ಟೀರಿಂಗ್ ಹಿಡಿದಿದ್ದಾಗಲೇ ಎದೆ ಹಿಡಿದುಕೊಂಡಿತು. ಬಸ್ಸನ್ನು ರಸ್ತೆ ಬದಿಗೆ ತಂದು, ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ಕುಸಿದಿದ್ದ. ರಕ್ತದಲ್ಲಿ ಕೊಬ್ಬು ವಿಪರೀತ ಅಂದರು. ಅಂದಿನಿಂದ ದಿನಾ ಒಂದು ಮಾತ್ರೆ. ಮಾತ್ರೆ ನುಂಗಿದರೆ ಕಾಲು ನೋವು, ನುಂಗದಿದ್ದರೆ ಮಗಳ ಕಾಟ.

"ನಿನ್ನ ಅಜ್ಜಿ ಹಿತ್ತಲ ಕಹಿಬಳ್ಳಿಯ ರಸ ಕುಡಿದೇ ತೊಂಬತ್ತು ದಾಟಿದಳು. ನನಗ್ಯಾಕೆ ಈ ಮಾತ್ರೆ?" ಎಂದು ಅಪ್ಪ ಗೊಣಗುತ್ತಿದ್ದ.

ಅವಳು ಅದೇ ಬಳ್ಳಿಯನ್ನು ಸಂಶೋಧನೆಗೆ ತೆಗೆದುಕೊಂಡಳು. ಹನ್ನೆರಡು ಪಂಜರ, ಪಂಜರಕ್ಕೆ ಎರಡು ಇಲಿ. ಎಲ್ಲಕ್ಕೂ ಕೊಬ್ಬು ಬೆರೆಸಿದ ಆಹಾರ. ಅದರಲ್ಲಿ ಆರು ಪಂಜರಗಳ ಆಹಾರಕ್ಕೆ ಮಾತ್ರ ಎಲೆಯ ಸಾರ ಸೇರಿಸಬೇಕು. ಐವತ್ತಾರು ದಿನ. ಕೊನೆಗೆ ಎರಡೂ ಗುಂಪಿನ ರಕ್ತ ಹೋಲಿಸಿ, ಕೇಂದ್ರದ ಸೆಮಿನಾರಿನಲ್ಲಿ ಎಲ್ಲರ ಮುಂದೆ ಫಲಿತಾಂಶ ಹೇಳಬೇಕು.

ಎಲೆ ಕೆಲಸ ಮಾಡಿಬಿಟ್ಟರೆ... ಅಪ್ಪನಿಗೆ ಕಾಲು ನೋವಿಲ್ಲದ ಔಷಧಿ! ಅವಳ ಆಸೆ ಅಷ್ಟೇ, ಅಷ್ಟು ದೊಡ್ಡದು.

ಹೊಸ ಪಶುವೈದ್ಯ ಬಂದ ಮೇಲೆ ಅನಿಮಲ್ ಹೌಸಿನ ರೀತಿಯೇ ಬದಲಾಯಿತು. ಪ್ರತಿ ಪಂಜರಕ್ಕೂ ಒಂದು ಕಾರ್ಡು ನೇತುಬಿತ್ತು. ದಿನಾಂಕ, ಇಲಿಯ ತೂಕ, ಕೊಟ್ಟ ಆಹಾರ, ಉಳಿದ ಆಹಾರ, ಇತರೆ. ಕೊನೆಯಲ್ಲಿ ಸಂಶೋಧಕರ ಸಹಿ. ಅವನು ಪ್ರತಿ ಬೆಳಿಗ್ಗೆ ಪಂಜರದಲ್ಲಿ ಉಳಿದ ಚೂರುಗಳನ್ನೂ ಗುಡಿಸಿ ತೂಗುತ್ತಿದ್ದ. ಗ್ರಾಂ ಲೆಕ್ಕದಲ್ಲಿ!

ಅವಳು ಅವನಿಗೊಂದು ಹೆಸರಿಟ್ಟಳು. ತಕ್ಕಡಿ.

"ಡಾಕ್ಟ್ರೇ, ನೀವು ಮನೇಲೂ ತಟ್ಟೆಯಲ್ಲಿ ಉಳಿದದ್ದನ್ನ ತೂಗ್ತೀರಾ?"

"ನನ್ನ ತಟ್ಟೆಯಲ್ಲಿ ಏನೂ ಉಳಿಯಲ್ಲ ರೀ."

ಅವನು ನಕ್ಕಾಗ ಮಾಸ್ಕಿನ ಮೇಲೆ ಕಣ್ಣು ಮಾತ್ರ ಸಣ್ಣದಾಗುತ್ತಿತ್ತು. ಆ ಕಣ್ಣನ್ನು ನೋಡುವುದಕ್ಕೇ ಅವಳು ಹತ್ತು ನಿಮಿಷ ಮುಂಚೆ ಬರತೊಡಗಿದಳು. ಬಂದವಳು ಇಲಿಗಳ ಜೊತೆ ಮಾತಾಡುತ್ತಾ, ಅವನು ಕೇಳಿಸಿಕೊಳ್ಳುತ್ತಾನಾ ಎಂದು ಓರೆಗಣ್ಣಲ್ಲಿ ನೋಡುತ್ತಾ, ಹನ್ನೆರಡು ಕಾರ್ಡುಗಳ ಕೆಳಗೆ ಸರಸರನೆ ಸಹಿ ಹಾಕಿ ಹೋಗುತ್ತಿದ್ದಳು.

ಕೈ ಸಹಿ ಹಾಕುತ್ತಿತ್ತು, ಕಣ್ಣು ಬೇರೆಲ್ಲೋ ಇರುತ್ತಿತ್ತು. ಇದೊಂದನ್ನು ನೆನಪಿಟ್ಟುಕೊಳ್ಳಿ.

ಇಪ್ಪತ್ತೆಂಟನೇ ದಿನದ ರಕ್ತದ ಲೆಕ್ಕ ಬಂದಾಗ ಅವಳು ಕುರ್ಚಿಯಿಂದ ಎದ್ದುಬಿಟ್ಟಳು. ಎಲೆ ತಿಂದ ಗುಂಪಿನಲ್ಲಿ ಕೊಬ್ಬು ಮೂರರಲ್ಲಿ ಒಂದು ಪಾಲು ಇಳಿದಿತ್ತು! ತೂಕವೂ ಇಳಿದಿತ್ತು. *ಬೊಜ್ಜೂ ಕರಗಿಸುತ್ತೆ ನನ್ನ ಎಲೆ!*

ಸಂಜೆ ಮನೆಗೆ ಓಡಿದಳು.

"ಅಪ್ಪಾ! ಇಳೀತು! ಮೂರರಲ್ಲಿ ಒಂದು ಪಾಲು ಇಳೀತು!"

ಅಪ್ಪ ಬಳ್ಳಿಗೆ ನೀರು ಹಾಕುತ್ತಿದ್ದವನು ತಿರುಗಿದ. ಮುಖವೆಲ್ಲ ನಗು. "ನಾನು ಹೇಳ್ಲಿಲ್ವಾ ಪುಟ್ಟಿ?"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು. ಅವಳು ಹೊಲಿದದ್ದಷ್ಟೇ ಅಲ್ಲ, ಅಪ್ಪನ ತಲೆಗೆ ತೊಡಿಸಿಯೂ ಬಿಟ್ಟಳು.

ಐವತ್ತಾರನೇ ದಿನ ಬಂತು. ಕೊನೆಯ ದಿನ ಇಲಿಗಳ ಯಕೃತ್ತನ್ನೂ ಪರೀಕ್ಷಿಸಬೇಕು. ಅಂದರೆ ಇಪ್ಪತ್ನಾಲ್ಕೂ ಇಲಿಗಳು ಅಂದು ಸಾಯಬೇಕು. ಅವನು ನೋವಾಗದಂತೆ ಒಂದೊಂದನ್ನೇ ಮಲಗಿಸಿದ. ಅವಳು ಗೋಡೆಗೆ ಮುಖ ಮಾಡಿ ಅತ್ತಳು. ಅವನು ಒಂದು ಶುಭ್ರ ಟವೆಲ್ ತಂದು ಅವಳ ಹೆಗಲ ಮೇಲೆ ಹಾಕಿದ.

ಎಲ್ಲ ಮುಗಿದ ಮೇಲೆ, ಕೈ ತೊಳೆಯುತ್ತಾ, ಅವಳ ಕಡೆ ನೋಡದೆ ಕೇಳಿದ. "ನನ್ನ ಹತ್ರ... ಏನಾದ್ರೂ ಹೇಳೋದಿದೆಯಾ ನಿಮಗೆ?"

ಅವಳು ಹೆಗಲ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. *ಇವನಿಗೆ ಗೊತ್ತಾಗಿಬಿಟ್ಟಿದೆ! ನನ್ನ ಮನಸ್ಸು ಮುಖದ ಮೇಲೇ ಬರೆದಿದೆಯಾ?*

"ಸೆಮಿನಾರ್ ಮುಗೀಲಿ," ಅಂದಳು ಕೆಂಪಾಗಿ. "ಆಮೇಲೆ ಹೇಳ್ತೀನಿ."

ಅವನ ಮುಖ ಯಾಕೆ ಹಾಗೆ ಕಪ್ಪಿಟ್ಟಿತು ಎಂದು ಅವಳು ಗಮನಿಸಲೇ ಇಲ್ಲ.

ಸೆಮಿನಾರಿಗೆ ಎರಡು ದಿನ ಇರುವಾಗ ಪ್ರೊಫೆಸರಮ್ಮ ಅವಳನ್ನು ಕರೆಸಿದರು. ಇವರೇ ಅವಳ ಗೈಡು. ಮೇಜಿನ ಮೇಲೆ ಒಂದು ಹಾಳೆ ಇತ್ತು.

"ಕೂತ್ಕೋ. ಅನಿಮಲ್ ಹೌಸಿಂದ ವರದಿ ಬಂದಿದೆ. ನಿನ್ನ ಎಲೆ ಗುಂಪಿನ ಇಲಿಗಳು ಊಟವನ್ನೇ ಸರಿಯಾಗಿ ಮಾಡಿಲ್ಲ. ದಿನಾ ಮೂರನೇ ಒಂದು ಭಾಗ ಬಿಟ್ಟಿವೆ."

"ಮೇಡಂ?"

"ಎಲೆ ಕಹಿ. ಕಹಿ ಬೆರೆಸಿದ ಆಹಾರವನ್ನ ಯಾರು ತಿಂತಾರೆ? ಕಮ್ಮಿ ತಿಂದ್ರೆ ಕೊಬ್ಬು ಇಳಿಯುತ್ತೆ, ಅದಕ್ಕೆ ಎಲೆಯೇ ಬೇಕಾ? ಸೆಮಿನಾರ್ ರದ್ದು." ಪ್ರೊಫೆಸರಮ್ಮ ಕನ್ನಡಕ ತೆಗೆದರು. "ನೀನು ಇದನ್ನ ಮುಚ್ಚಿಟ್ಟೆ ಅಂತ ನಾನು ನಂಬಲ್ಲ. ಆದ್ರೆ ನಿನ್ನನ್ನ ನಂಬೋಕೆ ನನಗೊಂದು ಕಾರಣ ಕೊಡು."

ಅವಳು ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಹಾಳೆಯ ಕೆಳಗಿದ್ದ ಸಹಿ ತಕ್ಕಡಿಯದು!

*ಎರಡು ತಿಂಗಳು ಪಕ್ಕದಲ್ಲೇ ನಿಂತು, ನಕ್ಕು, ಟವೆಲ್ ಹೊದಿಸಿ... ಕೊನೆಗೆ ಬೆನ್ನಿಗೆ ಚೂರಿ!*

ಅವಳು ಅನಿಮಲ್ ಹೌಸಿಗೆ ನುಗ್ಗಿದಳು. ಅವನು ಖಾಲಿ ಪಂಜರಗಳನ್ನು ತೊಳೆಯುತ್ತಿದ್ದ.

"ನನಗೆ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೇಳಿದ್ದೆ. ದಿನಾ ಹೇಳಿದ್ದೆ."

"ಸುಳ್ಳು!"

ಅವನು ನಲ್ಲಿ ನಿಲ್ಲಿಸಿದ. ಮೊದಲ ಸಲ ಅವನ ದನಿ ಏರಿತು. "ಸುಳ್ಳು ಯಾರದ್ದು ರೀ? ಕೇಳಿದೆ ನಿಮ್ಮನ್ನ, ಹೇಳೋದೇನಾದ್ರೂ ಇದೆಯಾ ಅಂತ. ಸೆಮಿನಾರ್ ಮುಗೀಲಿ ಅಂದ್ರಿ. ಇಪ್ಪತ್ನಾಲ್ಕು ಜೀವ! ಈ ಕೈಯಲ್ಲೇ ಮಲಗಿಸಿದ್ದೀನಿ. ಅವು ಒಂದು ಸುಳ್ಳಿಗೋಸ್ಕರ ಸತ್ತವು ಅಂತ ಆಗಬಾರದು."

ಕಪಾಟಿನಿಂದ ಕಾರ್ಡುಗಳ ಕಟ್ಟು ತೆಗೆದು ಅವಳ ಮುಂದಿಟ್ಟ.

"ತಗೊಳ್ಳಿ. ಓದಿಲ್ಲ ಅಂತ ಮಾತ್ರ ಹೇಳಬೇಡಿ. ಪ್ರತಿಯೊಂದರ ಕೆಳಗೂ ನಿಮ್ಮದೇ ಸಹಿ ಇದೆ."

ಅವಳು ಕಟ್ಟನ್ನು ಎದೆಗವಚಿಕೊಂಡು ಹೊರಗೆ ಬಂದಳು. ಮೆಟ್ಟಿಲ ಮೇಲೆ ಕೂತು ಬಿಚ್ಚಿದಳು.

ಎಲೆ ಗುಂಪಿನ ಮೊದಲ ಪಂಜರ. ಕೊಟ್ಟದ್ದು ನಲವತ್ತು ಗ್ರಾಂ, ಉಳಿದದ್ದು ಹದಿಮೂರು. ಮರುದಿನ ಹದಿನಾಲ್ಕು. ಮರುದಿನ ಹದಿಮೂರು. ಎಲೆ ಇಲ್ಲದ ಗುಂಪಿನಲ್ಲಿ ಉಳಿದದ್ದು ಎರಡು, ಒಂದು, ಎರಡು.

ಇತರೆ ಎಂಬಲ್ಲಿ ಅವನ ಪುಟ್ಟ ಅಕ್ಷರಗಳು.

ಒಂಬತ್ತನೇ ದಿನ: 'ಇಲಿಗಳು ಆಹಾರ ಬಿಡುತ್ತಿವೆ. ಕಹಿ ಇರಬಹುದೇ? ಗಮನಿಸಿ.' ಕೆಳಗೆ ಅವಳ ಸಹಿ.

ಇಪ್ಪತ್ತನೇ ದಿನ: 'ಇವು ಹಸಿದಿವೆ. ಇನ್ನೊಂದು ಗುಂಪಿಗೂ ಇಷ್ಟೇ ಆಹಾರ ಕೊಟ್ಟು ನೋಡೋಣವೇ?' ಅವಳ ಸಹಿ.

ನಲವತ್ತೊಂದನೇ ದಿನ: 'ದಯವಿಟ್ಟು ನನ್ನ ಜೊತೆ ಮಾತಾಡಿ.'

ಅದರ ಕೆಳಗೂ, ಬಾಲ ಎಳೆದು ಸುಳಿ ಸುತ್ತಿದ, ಚೆಂದದ, ಖುಷಿಯ ಸಹಿ!

ಅವಳು ಅಂದು ಏನು ಮಾಡುತ್ತಿದ್ದಳು? ಅವನ ಕಣ್ಣು ನೋಡುತ್ತಿದ್ದಳು. ಅವನು ಬರೆದದ್ದನ್ನು ಬಿಟ್ಟು!

*ಅಯ್ಯೋ... ಅವನು ನನ್ನನ್ನ ಕಳ್ಳಿ ಅಂದ್ಕೊಂಡಿದ್ದಾನೆ. ಅಂದ್ಕೊಳ್ಳದೆ ಇನ್ನೇನು ಮಾಡಿಯಾನು?*

ಆಗ ಇನ್ನೊಂದು ಯೋಚನೆ ಬಂತು. ಕಾರ್ಡುಗಳನ್ನು ಚೀಲಕ್ಕೆ ತುರುಕಿ ಎದ್ದಳು.

ಅಪ್ಪ!

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಪ್ಪನ ಮೇಜಿನ ಡ್ರಾಯರ್ ಎಳೆದಳು. ಮಾತ್ರೆಯ ಹಾಳೆಗಳು ಹಾಗೆಯೇ ಇದ್ದವು. ಒಂದೂ ಒಡೆದಿರಲಿಲ್ಲ.

"ಅಪ್ಪಾ! ಇದೇನಿದು?"

"ಅದಾ..." ಅಪ್ಪ ಸಿಕ್ಕಿಬಿದ್ದ ಮಗುವಿನಂತೆ ನಕ್ಕ. "ಬಿಟ್ಟು ತಿಂಗಳಾಯ್ತು. ದಿನಾ ಒಂದು ಲೋಟ ಎಲೆ ರಸ ಕುಡೀತಿದ್ದೀನಿ. ಕಾಲು ನೋವು ಮಾಯ! ನೋಡು ಬೇಕಾದ್ರೆ." ಹಜಾರದಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದ. ನಾಲ್ಕೇ ಹೆಜ್ಜೆಗೆ ಉಸಿರು ಮೇಲಕ್ಕೆ ಬಂದಿತ್ತು.

"ಯಾರು ಹೇಳಿದ್ರು ಬಿಡೋಕೆ?"

"ನೀನೇ. ಮೂರರಲ್ಲಿ ಒಂದು ಪಾಲು ಇಳೀತು ಅಂದೆಯಲ್ಲ. ಮಾತ್ರೆ ಬರೆದ ಡಾಕ್ಟ್ರು ಯಾರದ್ದೋ ಮಗ. ನೀನು ನನ್ನ ಮಗಳು. ಯಾರನ್ನ ನಂಬಲಿ?"

ಅವಳು ಅಪ್ಪನ ಕಾಲ ಬಳಿ ಕುಸಿದು ಕೂತಳು.

"ಅಪ್ಪಾ, ನನ್ನ ಲೆಕ್ಕ ತಪ್ಪು. ಎಲೆ ಕಹಿ ಅಂತ ಇಲಿಗಳು ಊಟ ಬಿಟ್ಟಿದ್ವು. ಹಸಿದು ಇಳಿದದ್ದು ಅದು."

"ಸುಮ್ನಿರೇ, ನಿನಗೆ ಯಾವಾಗ್ಲೂ ನಿನ್ನ ಮೇಲೇ ಅನುಮಾನ."

"ಮೂವತ್ತು ವರ್ಷ ಬಸ್ಸು ಓಡಿಸಿದ್ದೀಯ. ಬ್ರೇಕ್ ಹಿಡಿಯುತ್ತೋ ಇಲ್ವೋ ನೋಡದೆ ಯಾವತ್ತಾದ್ರೂ ಗಾಡಿ ತೆಗೆದಿದ್ದೀಯಾ?"

"ಛೆ, ಎಲ್ಲಾದ್ರೂ ಉಂಟಾ?"

"ನಾನು ತೆಗೆದೆ ಅಪ್ಪಾ. ನೋಡದೆ ತೆಗೆದೆ. ಒಳಗೆ ನಿನ್ನನ್ನ ಕೂರಿಸ್ಕೊಂಡು..." ಬಿಕ್ಕಿ ಬಿಕ್ಕಿ ಅತ್ತಳು.

ಅಪ್ಪನ ನಗು ನಿಧಾನವಾಗಿ ಇಳಿಯಿತು. ಅವಳ ತಲೆ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದ. "ಎರಡು ದಿನದಿಂದ ಮೆಟ್ಟಿಲು ಹತ್ತೋವಾಗ ಎದೆ ಬಿಗೀತಿದೆ ಪುಟ್ಟಿ. ನಿನಗೆ ಹೇಳೋಕೆ ಹೆದರಿಕೆ ಆಗಿತ್ತು."

ಮಾರನೇ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದಳು. ರಕ್ತ ತೆಗೆಯುವವಳು ಅಪ್ಪನ ತೋಳಿಗೆ ಪಟ್ಟಿ ಕಟ್ಟಿದಾಗ ಇವಳು ಕಣ್ಣು ಮುಚ್ಚಿಕೊಂಡಳು. ಸಾವಿರ ಸಲ ಸೂಜಿ ಹಿಡಿದ ಹುಡುಗಿ!

ವರದಿ ಬರಲು ಎರಡು ಗಂಟೆ ಅಂದರು. ಬೆಂಚಿನ ಮೇಲೆ ಕೂತು ಅವಳು ನೆಲದ ಹಾಸುಗಲ್ಲು ಎಣಿಸಿದಳು. ಮತ್ತೆ ಎಣಿಸಿದಳು. ಅಪ್ಪ ಪಕ್ಕದವರಿಗೆ ತನ್ನ ಬಸ್ಸಿನ ಕಥೆ ಹೇಳುತ್ತಿದ್ದ. ಹೇಳುತ್ತಾ ಹೇಳುತ್ತಾ ಎದೆಯನ್ನು ಮೆಲ್ಲಗೆ ಉಜ್ಜಿಕೊಳ್ಳುತ್ತಿದ್ದ.

ವರದಿ ಬಂತು. ಕೊಬ್ಬು ಮೊದಲಿದ್ದದ್ದರ ಸುಮಾರು ಎರಡರಷ್ಟು! ಇಸಿಜಿಯ ಗೆರೆಯಲ್ಲೂ ಏರುಪೇರು.

"ಈಗಿಂದೀಗ್ಲೇ ಅಡ್ಮಿಟ್ ಮಾಡ್ತೀನಿ," ಅಂದರು ಹಿರಿಯ ಡಾಕ್ಟರಮ್ಮ. "ಇನ್ನೊಂದು ತಿಂಗಳು ಹೀಗೇ ಬಿಟ್ಟಿದ್ರೆ ನಾನು ಏನೂ ಹೇಳೋ ಹಾಗಿರ್ಲಿಲ್ಲ. ಸರಿಯಾದ ಹೊತ್ತಿಗೆ ತಂದಿದ್ದೀರಿ."

ಸರಿಯಾದ ಹೊತ್ತಿಗೆ ತಂದದ್ದು ಅವಳಲ್ಲ. ಒಂದು ಹಾಳೆ ವರದಿ. ಅವನು ಅದನ್ನು ಕಳಿಸದೇ ಇದ್ದಿದ್ದರೆ ಅವಳು ಸೆಮಿನಾರಿನಲ್ಲಿ ಚಪ್ಪಾಳೆ ತಗೊಳ್ಳುತ್ತಿದ್ದಳು, ಅಪ್ಪ ಮನೆಯಲ್ಲಿ ಎಲೆ ರಸ ಕುಡಿಯುತ್ತಿದ್ದ.

ನಾಲ್ಕನೇ ದಿನ ಅಪ್ಪ ಹಾಸಿಗೆಯಲ್ಲಿ ಎದ್ದು ಕೂತ. ಡಾಕ್ಟರಮ್ಮ ಮಾತ್ರೆಯನ್ನೇ ಬದಲಾಯಿಸಿದ್ದರು, ಇದಕ್ಕೆ ಕಾಲು ನೋಯುವುದಿಲ್ಲವಂತೆ.

"ಕಾಲು ನೋವು ಅಂತ ಡಾಕ್ಟ್ರಿಗೆ ಮೊದಲೇ ಹೇಳಿದ್ರೆ ಆವಾಗ್ಲೇ ಬದಲಾಯಿಸ್ತಿದ್ರಂತೆ ಪುಟ್ಟಿ. ನಾನೂ ಹೇಳ್ಲಿಲ್ಲ, ನೀನೂ ಕೇಳ್ಲಿಲ್ಲ. ಅದಿರ್ಲಿ, ನಿನ್ನ ತಪ್ಪು ಹಿಡಿದ ಆ ಹುಡುಗ ಯಾರು?"

"ತಕ್ಕಡಿ ಅಂತ..."

"ಅವನ ಮೇಲೆ ಇನ್ನೂ ಸಿಟ್ಟಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣೀರು ಅಪ್ಪನ ಹೊದಿಕೆಯ ಮೇಲೆ ಬಿತ್ತು.

"ಹಂಗಾದ್ರೆ ಇಲ್ಲೇನು ಮಾಡ್ತಿದ್ದೀಯ? ಹೋಗು."

ಅನಿಮಲ್ ಹೌಸಿನ ಬಾಗಿಲಲ್ಲಿ ಅವಳು ಮೊಣಕೈವರೆಗೂ ಕೈ ತೊಳೆದಳು. ಎರಡು ಸಲ. ಒಳಗೆ ಬಂದಾಗ ಅವನು ತಲೆಯೆತ್ತಿದ.

"ನಾನು ಓದ್ಲಿಲ್ಲ," ಅಂದಳು.

"ಏನು?"

"ಕಾರ್ಡು. ಒಂದೂ ಓದ್ಲಿಲ್ಲ. ಐವತ್ತಾರು ದಿನವೂ ಓದದೆ ಸಹಿ ಹಾಕಿದೆ. ಮುಚ್ಚಿಡ್ಲಿಲ್ಲ ಡಾಕ್ಟ್ರೇ, ನನಗೆ ಗೊತ್ತೇ ಇರ್ಲಿಲ್ಲ. ನಾನು ಕಳ್ಳಿ ಅಲ್ಲ. ದಡ್ಡಿ."

ಅವಳು ಅಪ್ಪನ ವಿಷಯವನ್ನೆಲ್ಲ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನು ಸ್ಟೂಲಿನ ಮೇಲೆ ಕೂತ.

"ನನ್ನದೂ ತಪ್ಪಿದೆ," ಅಂದ ಕೊನೆಗೆ. "ನಾನು ಬಾಯಿ ಬಿಟ್ಟು ಹೇಳಬೇಕಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ? ಮೊದಲನೇ ದಿನ ಬಾಗಿಲಲ್ಲಿ ಅಷ್ಟು ಮಾತಾಡಿದವರು!"

"ಅವತ್ತು ನಿಮ್ಮ ಮುಖ ಸರಿಯಾಗಿ ನೋಡೋ ಮುಂಚೆ ಬಾಯಿ ಓಡಿಬಿಟ್ಟಿತ್ತು. ಆಮೇಲೆ... ನೀವು ಎದುರಿಗೆ ಬಂದ್ರೆ ನಾಲಿಗೆ ಏಳ್ತಿರ್ಲಿಲ್ಲ. ಅದಕ್ಕೇ ಬರೀತಿದ್ದೆ."

ಅವಳ ಬಾಯಿಗೆ ಮಾತು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅವನು ಕೈಯೆತ್ತಿ ತಡೆದ.

"ಈಗ ಬೇಡ. ಪ್ರಯೋಗ ಮತ್ತೆ ಮೊದಲಿಂದ ಮಾಡ್ತೀರಿ ತಾನೇ? ತೂಗೋನು ನಾನು. ನಮ್ಮಿಬ್ಬರ ನಡುವೆ ಏನೋ ಇದೆ ಅಂತಾದ್ರೆ, ನಾಳೆ ಒಳ್ಳೆ ಫಲಿತಾಂಶ ಬಂದ್ರೂ ಜನ ನಂಬಲ್ಲ. ಮುಗಿಯೋವರೆಗೂ ಇಲಿಗಳ ಮಾತು ಮಾತ್ರ. ಸರಿನಾ?"

"ಸರಿ. ಆದ್ರೆ ಈ ಸಲ ರಕ್ತ ಮಾತ್ರ. ಒಂದು ಇಲಿಯೂ ಸಾಯಬಾರದು. ಅನುಮತಿ ಕೊಡೋ ಸಮಿತಿಗೆ ನಾನೇ ಬರೀತೀನಿ."

ಅವನ ಕಣ್ಣು ಸಣ್ಣದಾಯಿತು. ಬಹಳ ದಿನದ ಮೇಲೆ.

ಎರಡನೇ ಪ್ರಯೋಗ ಶುರುವಾಯಿತು. ಕಹಿ ನಾಲಿಗೆಗೆ ತಾಗದಂತೆ, ಸಣ್ಣ ಕೊಳವೆಯಲ್ಲಿ ನೇರ ಹೊಟ್ಟೆಗೇ ಸಾರ. 'ಕ' ಮತ್ತು 'ಚ' ಎಂದು ಗುರುತು ಹಾಕಿದ ಎರಡು ಕಪ್ಪು ಬಾಟಲಿ. ಒಂದರಲ್ಲಿ ಎಲೆ, ಇನ್ನೊಂದರಲ್ಲಿ ಬರೀ ನೀರು. ಬಣ್ಣ ಕಾಣದಂತೆ ಕೊಳವೆಯೂ ಕಪ್ಪು. ಬಾಟಲಿ ತುಂಬುವುದು ಪ್ರೊಫೆಸರಮ್ಮ. ಯಾವುದರಲ್ಲಿ ಏನಿದೆ ಎಂಬ ಚೀಟಿ ಅವರ ಬೀರುವಿನಲ್ಲಿ, ಅಂಟಿಸಿದ ಲಕೋಟೆಯೊಳಗೆ. ಇವರಿಬ್ಬರಿಗೂ ಗೊತ್ತಿಲ್ಲ.

ಅವನು ನಸುಕಿಗೆ ಬಂದು ತೂಗಿ ಬರೆದು ಹೋಗುತ್ತಿದ್ದ. ಅವಳು ಏಳಕ್ಕೆ ಬಂದು ಓದುತ್ತಿದ್ದಳು. ಅಕ್ಷರ ಅಕ್ಷರ ಓದಿ, ಆಮೇಲೆ ಸಹಿ.

'ಮೂರನೇ ಪಂಜರ: ಒಂದು ಇಲಿ ಸೀನುತ್ತಿದೆ.'

ಅವಳು ಕೆಳಗೆ ಬರೆದಳು: 'ನೋಡಿದೆ. ನಿನ್ನೆ ಅದರ ಡಾಕ್ಟರೂ ಸೀನುತ್ತಿದ್ದರು. ಇಬ್ಬರೂ ಬೆಚ್ಚಗಿರಲಿ.'

'ಏಳನೇ ಪಂಜರ: ಎರಡೂ ಬೆನ್ನಿಗೆ ಬೆನ್ನು ಹಾಕಿ ಕೂತಿವೆ. ಜಗಳವಿರಬಹುದು.'

'ಜಗಳವಿಲ್ಲ. ಮಾತಾಡಲು ಅನುಮತಿ ಇಲ್ಲ.'

ಮನೆಯಲ್ಲಿ ಅಪ್ಪ ವಾರಕ್ಕೊಮ್ಮೆ ಕೇಳುತ್ತಿದ್ದ. "ಎಲೆ ಏನಂತೆ?"

"ಗೊತ್ತಿಲ್ಲಪ್ಪ. ಗೊತ್ತಾಗೋವರೆಗೂ ಹೇಳಲ್ಲ. ಮಾತ್ರೆ ತಗೊಂಡ್ಯಾ?"

ಐವತ್ತಾರನೇ ದಿನದ ರಕ್ತದ ಲೆಕ್ಕ ಬಂದ ಬೆಳಿಗ್ಗೆ ಮೂವರೂ ಪ್ರೊಫೆಸರಮ್ಮನ ಕೋಣೆಯಲ್ಲಿ ಸೇರಿದರು. ಅವಳು ಅಂಕಿಗಳನ್ನು ಒಂದೊಂದಾಗಿ ಕೂಡಿದಳು.

'ಕ' ಗುಂಪಿನ ಸರಾಸರಿ ನೂರಾ ಹದಿನೆಂಟು.

'ಚ' ಗುಂಪಿನದ್ದು... ಕೂಡಿದಳು. ಭಾಗಿಸಿದಳು. ಇನ್ನೊಮ್ಮೆ ಕೂಡಿದಳು.

ನೂರಾ ಹದಿನೇಳು.

ಪ್ರೊಫೆಸರಮ್ಮ ಲಕೋಟೆ ಎತ್ತಿ ಹಿಡಿದರು. "ತೆರೀಲಾ?"

"ತೆರೆದ್ರೂ ಅಷ್ಟೇ ಮೇಡಂ," ಅಂದಳು. ದನಿ ಸಣ್ಣದಾಗಿತ್ತು, ಒಡೆದಿರಲಿಲ್ಲ. "ಎಲೆ ಯಾವುದರಲ್ಲೇ ಇರ್ಲಿ, ಎರಡೂ ಒಂದೇ. ಇದಕ್ಕೆ ಕೊಬ್ಬು ಇಳಿಯಲ್ಲ."

ಆದರೂ ತೆರೆದರು. 'ಚ' ಎಲೆ.

ಪ್ರೊಫೆಸರಮ್ಮ ನಿಟ್ಟುಸಿರು ಬಿಟ್ಟರು. "ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು."

"ಇಲಿ ನಮ್ಮ ಹತ್ರ ಮೊದಲೇ ಇತ್ತಲ್ಲ ಮೇಡಂ."

ಮೂವರೂ ನಕ್ಕರು. ನಗುತ್ತಾ ನಗುತ್ತಾ ಅವಳ ಕಣ್ಣು ತುಂಬಿಬಂತು. "ಇದನ್ನೇ ಬರಿ," ಅಂದರು ಪ್ರೊಫೆಸರಮ್ಮ. "ಮೊದಲಿನ ತಪ್ಪನ್ನೂ ಸೇರಿಸಿ ಬರಿ. ಇನ್ನೊಬ್ಬರು ಇದೇ ಎಲೆಗೋಸ್ಕರ ಇಲಿ ಸಾಯಿಸೋದು ತಪ್ಪುತ್ತೆ. ನಂಬೋಕೆ ಒಂದು ಕಾರಣ ಕೇಳಿದ್ದೆ ನಿನ್ನನ್ನ. ಸಿಕ್ತು."

ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪಾ, ಎಲೆ ಕೆಲಸ ಮಾಡಲ್ಲ. ಈ ಸಲ ಖಂಡಿತ."

ಆ ಕಡೆ ನೀರಿನ ಕೊಡ ಕೆಳಗಿಟ್ಟ ಸದ್ದಾಯಿತು.

"ಹೋಗ್ಲಿ ಬಿಡು. ನಿನ್ನ ಅಜ್ಜಿ ತೊಂಬತ್ತು ದಾಟಿದ್ದು ಬಾಯಿ ಜೋರಿಂದ ಅಂತ ನನಗೆ ಯಾವಾಗ್ಲೂ ಅನುಮಾನ ಇತ್ತು. ಮಾತ್ರೆ ನುಂಗಿದ್ದೀನಿ. ಬಳ್ಳಿ ಕಿತ್ತು ಹಾಕ್ಲಾ?"

"ಬೇಡಪ್ಪ. ನೆರಳಿಗೆ ಇರ್ಲಿ."

"ಸರಿ. ಆ ತಕ್ಕಡಿ ಹುಡುಗನನ್ನ ಭಾನುವಾರ ಊಟಕ್ಕೆ ಕರಿ. ತಟ್ಟೆಯಲ್ಲಿ ಎಷ್ಟು ಬಿಟ್ಟ ಅಂತ ನಾನು ತೂಗ್ತೀನಿ!"

ಅವಳು ಅನಿಮಲ್ ಹೌಸಿಗೆ ಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ. ಮಾಸ್ಕ್ ತೆಗೆದಿದ್ದ. ಕೈಯಲ್ಲಿ ಒಂದು ಹೊಸ ಕಾರ್ಡು.

"ಪ್ರಯೋಗ ಮುಗೀತು," ಅಂದ.

"ಮುಗೀತು."

"ಹಾಗಾದ್ರೆ... ಇದೊಂದು ಸಹಿ ಬಾಕಿ ಇದೆ."

ಅವಳು ಕಾರ್ಡು ತೆಗೆದುಕೊಂಡಳು. ತೂಕ, ಆಹಾರ ಎಲ್ಲ ಖಾಲಿ. ಇತರೆ ಎಂಬಲ್ಲಿ ಮಾತ್ರ ಆ ಪುಟ್ಟ ಅಕ್ಷರಗಳು.

'ಮೊದಲ ದಿನ ನಿಮಗೆ ಎರಡು ಸಲ ಕೈ ತೊಳೆಯಲು ಹೇಳಿದೆ. ನಿಜವಾಗಿ ಒಂದೇ ಸಲ ಸಾಕಿತ್ತು. ಇನ್ನೊಂದು ಸಲ ಕೇಳಿದ್ದು ನಾನು ಉಸಿರು ಸರಿಮಾಡಿಕೊಳ್ಳಲು. ಅದು ಇನ್ನೂ ಸರಿಯಾಗಿಲ್ಲ. ನನ್ನನ್ನು ಮದುವೆಯಾಗುತ್ತೀರಾ? ದಯವಿಟ್ಟು ಓದಿ ಸಹಿ ಮಾಡಿ.'

ಅಕ್ಷರಗಳು ಕಣ್ಣೀರಲ್ಲಿ ಕಲಸಿಹೋದವು.

"ಓದಿದ್ರಾ?" ಅವನು ಒಂದು ಹೆಜ್ಜೆ ಮುಂದೆ ಬಂದ.

"ಇರಿ."

ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಓದಿದಳು. ನಿಧಾನವಾಗಿ, ಒಂದಕ್ಷರವೂ ಬಿಡದೆ. ಅವನು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದ.

"ಒಂದು ತಪ್ಪಿದೆ ಡಾಕ್ಟ್ರೇ."

"ಏನು? ಎಲ್ಲಿ?" ಅವನು ಕಾರ್ಡಿನ ಮೇಲೆ ಬಗ್ಗಿದ.

"ದಿನಾಂಕ ಹಾಕಿಲ್ಲ."

ಅವನು ಜೇಬಿನಿಂದ ಪೆನ್ನು ತೆಗೆದು ದಿನಾಂಕ ಬರೆದ. ಅವಳು ಅದೇ ಪೆನ್ನು ತೆಗೆದುಕೊಂಡು, ಬಾಗಿಲಿಗೆ ಕಾರ್ಡು ಒತ್ತಿ ಹಿಡಿದು ಸಹಿ ಹಾಕಿದಳು. ಬಾಲ ಎಳೆದು, ಸುಳಿ ಸುತ್ತಿ.

"ಎರಡು ಸಲ ಓದಿದ್ದೀನಿ," ಅಂದಳು ಅವನ ಕೈಗೆ ಕಾರ್ಡು ಕೊಡುತ್ತಾ. "ಓದಿಲ್ಲ ಅಂತ ಯಾವತ್ತೂ ಹೇಳಲ್ಲ."